ಭಿನ್ನರಾಶಿಗೆ ಬೇಲಿ ಹಾಕಿದವರಾರು?



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಶಾಲೆಗಳಲ್ಲಿ ನಿಮ್ಮಲ್ಲಿ ಕೆಲವರು ಇಂದು ಶಿಕ್ಷಕರು, ಉಳಿದವರು ತಾಯಿತಂದೆಗಳು. ಆದುದರಿಂದ ನೇರವಾಗಿಯೇ ಹೇಳುತ್ತೇನೆ. ಸಮಾನ ಭಿನ್ನರಾಶಿಯನ್ನು ಗಣಿತದ ತಾಸಿನಲ್ಲಿ ಮಾತ್ರ ಕಲಿಸಿ, ಗಂಟೆ ಬಾರಿಸಿದೊಡನೆ ಗಂಟುಕಟ್ಟಿ ಇಡುವ ಪದ್ಧತಿಯು ಮಕ್ಕಳಿಗೆ ನಾವು ಮಾಡುತ್ತಿರುವ ಅನ್ಯಾಯ.

‘ಅಂಶ, ಛೇದಗಳೆರಡನ್ನೂ ಒಂದೇ ಸಂಖ್ಯೆಯಿಂದ ಗುಣಿಸು’ ಎಂಬ ನಿಯಮ ಸತ್ಯವೇ. ಆದರೆ ಕಾರಣ ತಿಳಿಯದವನಿಗೆ ಅದು ಬರಿಯ ಮಂತ್ರ. 1/4 ಮತ್ತು 10/40 ಸಮವೆಂದು ಪಾಟಿಯ ಮೇಲೆ ತೋರಿಸಲಾರದೆ ದಡ್ಡನೆನಿಸಿಕೊಂಡ ರೈತನ ಮಗನು, ಹತ್ತು ಗುಂಟೆಯೆಂದರೆ ಕಾಲು ಎಕರೆ ಎಂದು ಹೊಲದ ಬದುವಿನಲ್ಲಿ ತಡವರಿಸದೆ ನುಡಿಯುತ್ತಾನೆ. ಎಕರೆಗೆ 40 ಗುಂಟೆ, ಲೆಕ್ಕ ಅದೇ. ಹಾಗಾದರೆ ದಡ್ಡತನ ಯಾರದು?

ಕನ್ನಡದ ತಾಸಿಗೆ ಬನ್ನಿ. ಭಾಮಿನೀ ಷಟ್ಪದಿಯ ಮೊದಲ ಸಾಲಿನಲ್ಲಿ 3, 4, 3, 4 ಎಂದು 14 ಮಾತ್ರೆಗಳು. ಮೂರು ಮಾತ್ರೆಯ ಗಣಗಳೆರಡೂ ಸೇರಿ ಸಾಲಿನ 6/14 ಭಾಗ. ಅರ್ಧ ಸಾಲನ್ನಷ್ಟೇ ನೋಡಿದರೂ ಅದೇ ಪ್ರಮಾಣ, 3/7. ಸಂಗೀತದಲ್ಲಿ ತೀನತಾಲದ 16 ಮಾತ್ರೆಗಳಿಗೆ ನಾಲ್ಕು ವಿಭಾಗ. ಒಂದೊಂದೂ 4/16, ಅಂದರೆ ಕಾಲು ಆವರ್ತನ. ಭೂಗೋಳದಲ್ಲಿ 1:50,000 ಪ್ರಮಾಣದ ನಕಾಶೆಯ 2 ಸೆಂ.ಮೀ. ನೆಲದ ಮೇಲೆ 1,00,000 ಸೆಂ.ಮೀ., ಎಂದರೆ ಒಂದು ಕಿಲೋಮೀಟರ್. ಇತಿಹಾಸದಲ್ಲಿ 1957ರ ಏಪ್ರಿಲ್ 1ರಂದು ರೂಪಾಯಿಯು 16 ಆಣೆಗಳನ್ನು ಬಿಟ್ಟು 100 ನಯೇ ಪೈಸೆಗಳಾಯಿತು. 4/16 ಇದ್ದದ್ದು 25/100 ಆಯಿತು. ಸಂತೆಯವರು ಮಾತ್ರ ಅದನ್ನು ನಾಲ್ಕಾಣೆಯೆಂದೇ ಕರೆದರು. ಹೆಸರು, ಛೇದ ಬೇರೆಯಾದರೂ ಬೆಲೆ ಒಂದೇ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕೆ?

ಇದು ಹೊಸ ಮಾತೂ ಅಲ್ಲ. ಅಮೋಘವರ್ಷ ನೃಪತುಂಗನ ಕಾಲದವನಾದ ಮಹಾವೀರಾಚಾರ್ಯನು ಒಂಬತ್ತನೆಯ ಶತಮಾನದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದ ಆರಂಭದಲ್ಲಿಯೇ ಸಂಗೀತ, ನಾಟಕ, ಪಾಕಶಾಸ್ತ್ರ, ವೈದ್ಯ, ಛಂದಸ್ಸು, ವ್ಯಾಕರಣಗಳಲ್ಲೆಲ್ಲ ಗಣಿತಕ್ಕೆ ಸ್ಥಾನವುಂಟೆಂದು ಸಾರಿದ್ದಾನೆ. ಭಿನ್ನರಾಶಿಗಳ ಪ್ರಕರಣಕ್ಕೆ ಅವನಿಟ್ಟ ಹೆಸರು ‘ಕಲಾಸವರ್ಣ’. ಬೇರೆ ಬೇರೆ ಭಾಗಗಳನ್ನು ಒಂದೇ ಜಾತಿಗೆ ತರುವುದು. ಅವನು ಕೂಡಿಸಿದ್ದನ್ನು ನಮ್ಮ ವೇಳಾಪತ್ರಿಕೆ ಒಡೆದಿದೆ.

‘ಹೀಗೆ ಮಾಡುತ್ತ ಕುಳಿತರೆ ಪಠ್ಯ ಮುಗಿಯುವುದೆಂತು?’ ಎನ್ನುವವರಿದ್ದಾರೆ. ನಾನು ಹೆಚ್ಚಿನ ತಾಸನ್ನು ಬೇಡುತ್ತಿಲ್ಲ. ಪ್ರಸ್ತಾರ ಹಾಕಿಸುವಾಗ, ನಕಾಶೆ ತೆರೆದಾಗ, ಒಂದು ಪ್ರಶ್ನೆ ಸಾಕು. ಗಣಿತ ಸಡಿಲವಾದೀತೆಂಬ ಭಯವೂ ಬೇಡ. ‘ಪೂರ್ಣ ಯಾವುದು?’ ಎಂದು ಪ್ರತಿ ಸಲವೂ ಕೇಳಿರಿ. ಅರ್ಧ ಎಕರೆಯೂ ಅರ್ಧ ಗುಂಟೆಯೂ ಸಮವಲ್ಲವೆಂದು ಮಗು ತಾನೇ ಹೇಳಿದರೆ, ಅದರ ಗಣಿತ ಬಿಗಿಯಾಗಿಯೇ ಇದೆ.

ಭಿನ್ನರಾಶಿಯಲ್ಲಿ ಎಡವಿದವನು ಅನುಪಾತದಲ್ಲಿ ಎಡವುತ್ತಾನೆ, ಶೇಕಡಾದಲ್ಲಿ ಎಡವುತ್ತಾನೆ. ಕೊನೆಗೆ ಸಾಲದ ಬಡ್ಡಿಯನ್ನು ಸಾಲ ಕೊಟ್ಟವನು ಹೇಳಿದಂತೆ ಒಪ್ಪಿಕೊಳ್ಳುತ್ತಾನೆ. ನಷ್ಟ ಅಂಕಪಟ್ಟಿಯದಷ್ಟೇ ಅಲ್ಲ, ಮನೆತನದ್ದು. ಟ್ಯೂಷನ್ನಿಗೆ ಕಳುಹಿಸುವ ಮೊದಲು, ತಾಯಂದಿರೇ, ರೊಟ್ಟಿಯ ಹಿಟ್ಟನ್ನು ಅಳೆಯುವಾಗ ಮಗುವನ್ನು ಹತ್ತಿರ ಕರೆಯಿರಿ. ಶಿಕ್ಷಕರೇ, ಪಕ್ಕದ ವರ್ಗದ ಗುರುಗಳು ಈ ವಾರ ಏನು ಕಲಿಸುತ್ತಿದ್ದಾರೆಂದು ನಾಳೆಯೇ ವಿಚಾರಿಸಿರಿ.