ಲೋಕಾಯುಕ್ತಕ್ಕೆ ಹೋಗುವ ಮೊದಲು ಕಾಗದ ಜೋಡಿಸಿಕೊಳ್ಳಿ



ಬೆಲೆ ಬಿದ್ದಾಗ ಆಗುವ ಸಾಲ ಒಂದು. ಕಚೇರಿಯಲ್ಲಿ ಕಡತ ಮಲಗಿದ್ದರಿಂದ ಆಗುವ ಸಾಲ ಇನ್ನೊಂದು. ಪೋಡಿ ಆಗಲಿಲ್ಲ, ಪಹಣಿಯಲ್ಲಿ ಹೆಸರು ಬರಲಿಲ್ಲ. ಹೆಸರಿಲ್ಲದವನಿಗೆ ಸೊಸೈಟಿಯಲ್ಲಿ ಬೆಳೆಸಾಲವಿಲ್ಲ. ನಾಟಿಯ ಕಾಲ ಕಾಯುತ್ತದೆಯೇ? ಸಾಹುಕಾರನ ಬಡ್ಡಿಗೆ ಕೈಯೊಡ್ಡಲೇಬೇಕು.

ಇದನ್ನು ಕೇಳೋರು ಯಾರೂ ಇಲ್ಲ ಅಂತ ಮಿರ್ಲೆ ಕಡೆಯಾಗಲಿ, ಪಿರಿಯಾಪಟ್ಟಣದ ಕಡೆಯಾಗಲಿ ನಾವು ಸುಮ್ಮನಿರುತ್ತೇವೆ. ಇದ್ದಾರೆ. 1984ರ ಕಾಯಿದೆಯಂತೆ 1986ರಿಂದ ಲೋಕಾಯುಕ್ತ ಸಂಸ್ಥೆ ಇದೆ. 2016ರಲ್ಲಿ ಸರ್ಕಾರ ಎಸಿಬಿ ಮಾಡಿ ಲೋಕಾಯುಕ್ತ ಪೊಲೀಸರ ಹಲ್ಲು ಕಿತ್ತಿತು. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಎಸಿಬಿಯನ್ನು ರದ್ದು ಮಾಡಿ ಆ ಅಧಿಕಾರವನ್ನು ಮರಳಿ ಕೊಡಿಸಿತು.

ದೂರು ಎರಡು ಬಗೆ. ಅಧಿಕಾರಿ ಕೆಲಸ ಮಾಡದೆ ಸತಾಯಿಸಿದರೆ ಅದು ಕುಂದುಕೊರತೆ. ವಿಷಯ ತಿಳಿದ 6 ತಿಂಗಳೊಳಗೆ ದೂರು ಕೊಡಬೇಕು. ಲಂಚ, ಅಧಿಕಾರದ ದುರುಪಯೋಗ ಆದರೆ ಅದು ಆರೋಪ. ಅದಕ್ಕೆ 5 ವರ್ಷದ ಗಡುವು. ನಿಗದಿತ ನಮೂನೆಯಲ್ಲಿ ಬರೆದು, ಜೊತೆಗೆ ಪ್ರಮಾಣಪತ್ರ ಇಡಬೇಕು. ಬೇಕಂತಲೇ ಸುಳ್ಳು ದೂರು ಕೊಟ್ಟವನಿಗೆ ಜೈಲೂ ಉಂಟು. ಅಣ್ಣತಮ್ಮಂದಿರ ಗಡಿ ಜಗಳ, ಹಕ್ಕಿನ ವ್ಯಾಜ್ಯ ಇಲ್ಲಿ ತೀರುವುದಿಲ್ಲ. ಅದಕ್ಕೆ ಕೋರ್ಟೇ ಗತಿ.

ಆದ್ದರಿಂದ ಅರ್ಜಿ ಕೊಟ್ಟ ದಿನವೇ ಸ್ವೀಕೃತಿ ಕೇಳಿ ಪಡೆಯಿರಿ. "ನಾಳೆ ಬಾ" ಅಂದದ್ದಕ್ಕೆ ಸಾಕ್ಷಿ ಇರುವುದಿಲ್ಲ, ಮೊಹರು ಬಿದ್ದ ಕಾಗದಕ್ಕೆ ಇರುತ್ತದೆ. ತಾರೀಖುಗಳನ್ನು ಒಂದು ಹಾಳೆಯಲ್ಲಿ ಬರೆದಿಡಿ.

ಲಂಚ ಕೇಳಿದರೆ, ಕೊಡುವ ಮೊದಲೇ ಲೋಕಾಯುಕ್ತ ಪೊಲೀಸರಿಗೆ ತಿಳಿಸಿ. ಅವರು ನೋಟಿಗೆ ಪುಡಿ ಸವರಿ ಕೊಡುತ್ತಾರೆ. ಮುಟ್ಟಿದ ಕೈಯನ್ನು ಸೋಡಾ ನೀರಿನಲ್ಲಿ ಅದ್ದಿಸಿದರೆ ನೀರು ಕೆಂಪಡರುತ್ತದೆ. 2018ರ ತಿದ್ದುಪಡಿಯ ಮೇಲೆ ಲಂಚ ಕೊಡುವವನೂ ಅಪರಾಧಿ. ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ತಿಳಿಸಬೇಕು. ಕೊಟ್ಟು ಸುಮ್ಮನಿದ್ದರೆ ನಾವೇ ಸಿಕ್ಕಿಬಿದ್ದಂತೆ.

ಲೋಕಾಯುಕ್ತರು ಕಡತ ತರಿಸಬಹುದು, ಸಾಕ್ಷಿಗಳನ್ನು ಕರೆಸಬಹುದು, ಶೋಧನೆಗೆ ವಾರಂಟ್ ಹೊರಡಿಸಬಹುದು. ಆದರೆ ಕುಂದುಕೊರತೆಯಾಗಲಿ ಆರೋಪವಾಗಲಿ, ತನಿಖೆ ಮುಗಿದ ಮೇಲೆ ಅವರು ಮಾಡುವುದು ಶಿಫಾರಸು. ಶಿಕ್ಷೆ ಕೊಡಬೇಕಾದದ್ದು ಸರ್ಕಾರ. ಆರೋಪದ ವರದಿ ತಲುಪಿದ ಮೂರು ತಿಂಗಳಲ್ಲಿ ಏನು ಮಾಡಿದಿರಿ ಅಂತ ಅದು ಉತ್ತರ ಹೇಳಬೇಕು. ಉತ್ತರ ಸರಿಬೀಳದಿದ್ದರೆ ರಾಜ್ಯಪಾಲರಿಗೆ ವಿಶೇಷ ವರದಿ ಹೋಗಿ, ಅದು ಶಾಸನಸಭೆಯ ಮುಂದೆ ಬರಬಹುದು.

ಶಿಫಾರಸು ತಾನೇ ಅಂತ ಹಗುರ ಮಾಡಬೇಡಿ. 2011ರ ಜುಲೈಯಲ್ಲಿ ಸಂತೋಷ್ ಹೆಗ್ಡೆಯವರು ಗಣಿ ವರದಿ ಕೊಟ್ಟ ಕೆಲವೇ ದಿನಗಳಲ್ಲಿ ಅಂದಿನ ಮುಖ್ಯಮಂತ್ರಿ ರಾಜೀನಾಮೆ ಕೊಡಬೇಕಾಯಿತು. ಇಡೀ ನಾಡು ಆ ವರದಿಯನ್ನು ನೋಡುತ್ತಿತ್ತು, ಅದಕ್ಕೇ ಅದಕ್ಕೆ ಬೆಲೆ ಬಂತು. ನಮ್ಮ ಪೋಡಿ ಕಡತವನ್ನು ನೋಡೋರು ಯಾರು? ನಾವೇ ನೋಡಬೇಕು.

ಒಬ್ಬನೇ ದೂರು ಕೊಟ್ಟರೆ ನಾಳೆ ಅದೇ ಕಚೇರಿಯಲ್ಲಿ ಅವನ ಕೆಲಸ ಕೆಡುತ್ತದೆ ಅನ್ನೋ ಭಯ ಸುಳ್ಳಲ್ಲ. ಹಾಗಾಗಿ ಊರಿನ ಹತ್ತು ಜನ ತಮ್ಮ ತಮ್ಮ ಕಾಗದ ಹಿಡಿದು ಒಟ್ಟಿಗೆ ಹೋಗಿ. ತಾಲ್ಲೂಕಿಗೆ ಲೋಕಾಯುಕ್ತ ಅಧಿಕಾರಿಗಳು ಅಹವಾಲು ಸಭೆಗೆ ಬಂದಾಗ ಮುಂದಿನ ಸಾಲಿನಲ್ಲಿ ಕೂರಿ. ದೂರು ಕೊಟ್ಟು ಮನೆಗೆ ಬಂದು ಮಲಗಬೇಡಿ. ಏನಾಯಿತು ಅಂತ ಕೇಳುತ್ತಲೇ ಇರಿ.