ಪತ್ರಗಳಿಗೂ ಅಂಕ ಕೊಡೋಣ



ಹಿರಿಯೂರಿನ ವಾಣಿ ವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವೆ 89 ವರ್ಷಗಳು ಕಳೆದಿದ್ದವು. ನಮ್ಮ ಮಿಂಚಂಚೆಯ ಪೆಟ್ಟಿಗೆಗಾದರೋ ದಿನದಿನವೂ ಕೋಡಿಯೇ. ಬ್ಯಾಂಕಿನ ಸೂಚನೆ, ಬಟ್ಟೆ ಅಂಗಡಿಯ ರಿಯಾಯಿತಿ, ಒಬ್ಬರಿಂದ ಐವತ್ತು ಜನರಿಗೆ ಹರಿದುಬಂದ ಹಬ್ಬದ ಶುಭಾಶಯ, ಇವುಗಳ ನಡುವೆ ಎಲ್ಲೋ ಒಂದು ಕಡೆ ಹೊಸದುರ್ಗದ ಹಳೆಯ ವಿದ್ಯಾರ್ಥಿನಿಯೊಬ್ಬಳ ನಾಲ್ಕು ಸಾಲು. ಯಾವುದನ್ನು ಮೊದಲು ಓದಬೇಕು? ಅದನ್ನು ಯಾರು ನಿರ್ಧರಿಸಬೇಕು? ಈ ಪ್ರಶ್ನೆಯ ಕುರಿತು ನನ್ನ ಅಭಿಪ್ರಾಯವನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಹಿಂದಿನ ಕಾಲದಲ್ಲಿ ಇದನ್ನು ಕಳುಹಿಸುವವರೇ ನಿರ್ಧರಿಸುತ್ತಿದ್ದರು. ತುರ್ತಿದ್ದರೆ ತಂತಿ, ಮುಖ್ಯವಾಗಿದ್ದರೆ ರಿಜಿಸ್ಟರ್ಡ್ ಅಂಚೆ, ಕುಶಲ ಸಮಾಚಾರಕ್ಕೆ ಕಾರ್ಡು. ತುರ್ತಿಗೆ ಹೆಚ್ಚು ಹಣ ತೆರಬೇಕಾಗಿತ್ತು. ಆದ್ದರಿಂದಲೇ ತಂತಿಯವನು ಬಾಗಿಲಿಗೆ ಬಂದರೆ ಮನೆಮಂದಿಯೆಲ್ಲ ಎದ್ದು ನಿಲ್ಲುತ್ತಿದ್ದರು. ತಂತಿ ಸೇವೆ 2013ರ ಜುಲೈನಲ್ಲಿ ನಿಂತುಹೋಯಿತು. ರಿಜಿಸ್ಟರ್ಡ್ ಅಂಚೆಯೂ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಲೀನವಾಯಿತು. ಮಿಂಚಂಚೆಯಲ್ಲಿ ‘ಅತಿ ತುರ್ತು’ ಎಂದು ಗುರುತು ಹಾಕಲು ಚಿಕ್ಕಾಸೂ ಬೇಕಿಲ್ಲ. ಸೀರೆ ಮಾರುವವನೂ ಹಾಕಬಹುದು. ಬೆಲೆಯಿಲ್ಲದ ಗುರುತಿಗೆ ಅರ್ಥವೂ ಇರುವುದಿಲ್ಲ. ಹಾಗಾಗಿ ವಿಂಗಡಣೆಯ ಹೊಣೆ ಇಂದು ಓದುವವರ ಹೆಗಲಿಗೆ ಬಂದಿದೆ.

ಈ ಹೊಣೆಯನ್ನು ನಾವು ಸದ್ದಿಲ್ಲದೆ ದೊಡ್ಡ ಕಂಪನಿಗಳಿಗೆ ಒಪ್ಪಿಸಿಬಿಟ್ಟಿದ್ದೇವೆ. ಜಿಮೇಲ್ 2010ರಲ್ಲಿ ಆದ್ಯತೆಯ ಪೆಟ್ಟಿಗೆಯನ್ನೂ, 2013ರಲ್ಲಿ ಪತ್ರಗಳನ್ನು ಬೇರೆ ಬೇರೆ ತಟ್ಟೆಗಳಿಗೆ ಹಾಕುವ ಪದ್ಧತಿಯನ್ನೂ ತಂದಿತು. ನಾವು ಯಾವುದನ್ನು ತೆರೆಯುತ್ತೇವೆ, ಯಾವುದಕ್ಕೆ ಉತ್ತರಿಸುತ್ತೇವೆ ಎಂಬುದನ್ನು ನೋಡಿ ಯಂತ್ರ ತಾನೇ ಕಲಿಯುತ್ತದೆ. ಬಹುಪಾಲು ಸರಿಯಾಗಿಯೇ ವಿಂಗಡಿಸುತ್ತದೆ, ಅದನ್ನು ಅಲ್ಲಗಳೆಯಲಾರೆ. ಆದರೆ ಏಕೆ ಹೀಗೆ ವಿಂಗಡಿಸಿದೆ ಎಂದು ಕೇಳಿದರೆ ಅದರ ಬಳಿ ನಮಗೆ ತಿಳಿಯುವಂಥ ಪೂರ್ಣ ಉತ್ತರವಿಲ್ಲ. ಹೊಳಲ್ಕೆರೆ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಸಂದರ್ಶನದ ಕರೆ ಬಂದಿತ್ತು. ಅವನು ಬಳಸುತ್ತಿದ್ದ ಸೇವೆ ಆ ಪತ್ರವನ್ನು ಜಾಹೀರಾತುಗಳ ರಾಶಿಗೆ ಸೇರಿಸಿತ್ತು. ಅವನು ನೋಡುವಷ್ಟರಲ್ಲಿ ಸಂದರ್ಶನದ ದಿನ ದಾಟಿತ್ತು. ತಪ್ಪು ಯಾರದೆಂದು ಕೇಳಲು ಅಲ್ಲಿ ಒಬ್ಬ ಗುಮಾಸ್ತನೂ ಇರಲಿಲ್ಲ.

ಇದಕ್ಕೆ ನಾನು ಕಂಡುಕೊಂಡ ಪರಿಹಾರ ಹಳೆಯ ಕಾಲದ್ದು. ಅಕ್ಷರಗಳನ್ನಷ್ಟೇ ತೋರಿಸುವ ಅಂಚೆ ತಂತ್ರಾಂಶಗಳು ಇಂದಿಗೂ ಇವೆ. ನಮ್ಮ ದೇಶದಲ್ಲಿ ಮಿಂಚಂಚೆ ಆರಂಭವಾದದ್ದೇ ಈ ಬಗೆಯಲ್ಲಿ. 1986ರಲ್ಲಿ ಮೊದಲಾದ ಎರ್ನೆಟ್ ಜಾಲದಲ್ಲಿ ಪಾಲ್ಗೊಂಡ ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಇಂದು ನಮ್ಮ ಚಳ್ಳಕೆರೆಯ ಕುದಾಪುರದಲ್ಲಿ ಶಿಕ್ಷಕರಿಗೆ ತರಬೇತಿ ಕೊಡುತ್ತಿರುವ ಸಂಸ್ಥೆ ಅದೇ. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಅಂತರ್ಜಾಲವನ್ನು ಜನಸಾಮಾನ್ಯರಿಗೆ ತೆರೆದಾಗ ವಿದ್ಯಾರ್ಥಿಗಳಿಗೆ ದೊರೆತದ್ದು ಚಿತ್ರಗಳಿಲ್ಲದ, ಬರಿಯ ಅಕ್ಷರಗಳ ಸಂಪರ್ಕ. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ‘ಪೈನ್’ ಆ ಕಾಲದ ಹೆಸರಾಂತ ತಂತ್ರಾಂಶ. ಮೈಕೆಲ್ ಎಲ್ಕಿನ್ಸ್ ಎಂಬವರು 1995ರಲ್ಲಿ ಬರೆದ ‘ಮಟ್’ ಇಂದಿಗೂ ಉಚಿತವಾಗಿ ದೊರೆಯುತ್ತದೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ವಿದ್ಯಾರ್ಥಿಯೊಬ್ಬ ನನ್ನ ಹಳೆಯ ಲ್ಯಾಪ್‌ಟಾಪಿಗೆ ಅದನ್ನು ಹಾಕಿಕೊಟ್ಟ. ಜಿಮೇಲಿನ ಪತ್ರಗಳನ್ನೇ ಅದರಲ್ಲಿ ಓದಬಹುದು.

ಮಟ್‌ನಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಪತ್ರಗಳಿಗೆ ಅಂಕ ಕೊಡುವ ವ್ಯವಸ್ಥೆ. ಉತ್ತರ ಪತ್ರಿಕೆಗಳ ಮೌಲ್ಯಮಾಪನದಲ್ಲಿ ಜೀವ ಸವೆಸಿದವರಿಗೆ ಇದಕ್ಕಿಂತ ಸುಲಭವಾದದ್ದು ಇನ್ನೇನಿದೆ? ಪ್ರತಿ ಪತ್ರವೂ ಸೊನ್ನೆಯಿಂದ ಆರಂಭವಾಗುತ್ತದೆ. ನಾವು ಸರಳ ಕಡತವೊಂದರಲ್ಲಿ ಸಾಲಿಗೊಂದರಂತೆ ನಿಯಮಗಳನ್ನು ಬರೆದಿಡಬೇಕು. ಯಾವ ಯಾವ ನಿಯಮ ಹೊಂದುತ್ತದೋ ಅವುಗಳ ಅಂಕಗಳೆಲ್ಲ ಕೂಡುತ್ತವೆ. ನನ್ನ ನಿಯಮಗಳು ಹೀಗಿವೆ: ಮನೆಯವರ ಪತ್ರಕ್ಕೆ 50, ನನ್ನ ಪಟ್ಟಿಯಲ್ಲಿರುವ ವಿದ್ಯಾರ್ಥಿಗಳ ಪತ್ರಕ್ಕೆ 40, ನನ್ನ ವಿಳಾಸಕ್ಕೇ ನೇರವಾಗಿ ಬಂದದ್ದಕ್ಕೆ 20, ವಿಷಯದ ಸಾಲಿನಲ್ಲಿ ಆಸ್ಪತ್ರೆ, ಪ್ರಮಾಣಪತ್ರ, ಸಂದರ್ಶನ ಎಂಬ ಮಾತುಗಳಿದ್ದರೆ 30. ಒಬ್ಬರಿಂದೊಬ್ಬರಿಗೆ ಸಾಗಿಸಿದ ಪತ್ರವಾದರೆ 30 ಕಳೆಯಬೇಕು. ನಾನೇ ಗುರುತಿಸಿಕೊಟ್ಟ ಮಾರಾಟಗಾರರ ಪತ್ರಕ್ಕೆ 20 ಕಳೆಯಬೇಕು.

ಲೆಕ್ಕ ನೋಡಿ. ವಿದ್ಯಾರ್ಥಿಯೊಬ್ಬ ಪ್ರಮಾಣಪತ್ರದ ವಿಷಯವಾಗಿ ನನಗೇ ಬರೆದರೆ 40, 20, 30 ಕೂಡಿ 90. ಅದೇ ವಿದ್ಯಾರ್ಥಿ ಯಾರೋ ಕಳಿಸಿದ ಸುಭಾಷಿತವನ್ನು ನನಗೂ ಸಾಗಿಸಿದರೆ 30. ಸೀರೆ ಅಂಗಡಿಗೆ ಸೊನ್ನೆ. ಅಂಕದ ಕ್ರಮದಲ್ಲಿ ಜೋಡಿಸೆಂದು ಹೇಳಿದರೆ ಹೆಚ್ಚು ಅಂಕದ ಪತ್ರ ಮೇಲೆ ಬಂದು ಕೂರುತ್ತದೆ. ಯಾವುದಾದರೂ ಕೆಳಗೆ ಹೋಗಿದ್ದರೆ ಏಕೆ ಹೋಯಿತೆಂದು ನಾನೇ ಕೂಡಿ ಕಳೆದು ನೋಡಬಲ್ಲೆ. ನಿಯಮ ಸರಿಯಿಲ್ಲವೆನಿಸಿದರೆ ಒಂದು ಸಾಲನ್ನು ತಿದ್ದಿದರಾಯಿತು. ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಬೇಕಾಗಿಲ್ಲ.

ಈ ವ್ಯವಸ್ಥೆಯ ಎರಡು ಗುಣಗಳನ್ನು ನೀವು ಗಮನಿಸಬೇಕು. ಮೊದಲನೆಯದು, ಅಂಕ ಕೊಡುವಾಗ ಮಟ್ ಪತ್ರದ ಒಡಲನ್ನು ಓದುವುದಿಲ್ಲ. ಕಳುಹಿಸಿದವರು, ವಿಳಾಸ, ವಿಷಯ ಮುಂತಾದ ಹೊರ ವಿವರಗಳನ್ನಷ್ಟೇ ನೋಡುತ್ತದೆ. ಲಕೋಟೆ ನೋಡಿ ವಿಂಗಡಿಸುವ ಅಂಚೆಯವನ ಹಾಗೆ. ಎರಡನೆಯದು, ಎಷ್ಟೇ ಕಳೆದರೂ ಕೊನೆಯ ಅಂಕ ಸೊನ್ನೆಗಿಂತ ಕೆಳಗಿಳಿಯುವುದಿಲ್ಲ. ಇಂತಿಷ್ಟು ಅಂಕ ಅಥವಾ ಅದಕ್ಕಿಂತ ಕಡಿಮೆಯಾದರೆ ಅಳಿಸಲು ಗುರುತು ಹಾಕು ಎಂಬ ಸೌಲಭ್ಯವೂ ಉಂಟು; ಆದರೆ ನಾವು ಬದಲಿಸದ ಹೊರತು ಆ ಗೆರೆ ಋಣ ಒಂದರಲ್ಲಿದೆ. ಸೊನ್ನೆಯ ಕೆಳಗೆ ಯಾವ ಪತ್ರವೂ ಇಳಿಯದ ಕಾರಣ ತಾನಾಗಿ ಯಾವುದೂ ಅಳಿಯುವುದಿಲ್ಲ. ಆ ಗೆರೆಯನ್ನು ಯಾರೂ ಮೇಲಕ್ಕೆತ್ತಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಅಂಕ ಇರುವುದು ಸಾಲು ಹಚ್ಚುವುದಕ್ಕೆ, ಶಾಲೆಯಿಂದ ಹೊರಗೆ ಹಾಕುವುದಕ್ಕಲ್ಲ.

ಏಕೆಂದರೆ ನಿಯಮಗಳು ನಮಗೆ ಗೊತ್ತಿರುವವರನ್ನಷ್ಟೇ ಬಲ್ಲವು. ಕೊನೆಯ ಬೆಂಚಿನಲ್ಲಿ ಕುಳಿತು ವರ್ಷವಿಡೀ ಬಾಯಿ ಬಿಡದ ಹುಡುಗನೊಬ್ಬ ಇಪ್ಪತ್ತು ವರ್ಷಗಳ ಮೇಲೆ ಯಾವುದೋ ಹೊಸ ವಿಳಾಸದಿಂದ, ವಿಷಯದ ಸಾಲನ್ನೂ ತುಂಬದೆ ಬರೆಯಬಹುದು. ಅವನಿಗೆ ಸಿಗುವುದು 20 ಅಂಕ ಮಾತ್ರ. ಆದರೆ ಅವನಿಗೆ ಅಂದು ಮೇಷ್ಟರ ಅಗತ್ಯ ಎಲ್ಲರಿಗಿಂತ ಹೆಚ್ಚಿರಬಹುದು. ತರಗತಿಯಲ್ಲಿಯೂ ಹೀಗೆಯೇ, ಕೈಯೆತ್ತಿದವರನ್ನಷ್ಟೇ ಕೇಳುತ್ತ ಹೋದರೆ ಅರ್ಧ ತರಗತಿ ಮೌನವಾಗಿ ಹಿಂದುಳಿಯುತ್ತದೆ. ಆದ್ದರಿಂದ ಪ್ರತಿ ಭಾನುವಾರ ಬೆಳಿಗ್ಗೆ ನಾನು ಪಟ್ಟಿಯನ್ನು ತಿರುಗಿಸಿ ಕೆಳಗಿನಿಂದ ಓದುತ್ತೇನೆ. ಅರ್ಧ ಗಂಟೆ ಸಾಕು. ಜಳ್ಳಿನಲ್ಲಿಯೂ ಕಾಳು ಉಳಿದಿರುವುದನ್ನು ಮೊರ ಹಿಡಿದ ನಮ್ಮ ಹೆಂಗಸರು ಎಂದೋ ಬಲ್ಲರು.

ಇನ್ನೊಂದು ಲಾಭವಿದೆ. ಏಳು ಸುತ್ತಿನ ಕೋಟೆಗೂ ಒಂದು ಕಿಂಡಿಯಿತ್ತೆಂಬುದನ್ನು ದುರ್ಗದವರಿಗೆ ನೆನಪಿಸಬೇಕಿಲ್ಲ. ಮಿಂಚಂಚೆಯ ಕಿಂಡಿ ಎಂದರೆ ಚಿತ್ರಗಳು ಮತ್ತು ಬಣ್ಣದ ಕೊಂಡಿಗಳು. ಪತ್ರದಲ್ಲಿ ಅಡಗಿಸಿಟ್ಟ ಪುಟ್ಟ ಚಿತ್ರವೊಂದು ದೂರದ ಗಣಕದಿಂದ ಇಳಿಯುವಾಗ, ನಾವು ಪತ್ರ ತೆರೆದದ್ದು ಕಳುಹಿಸಿದವನಿಗೆ ತಿಳಿದುಬಿಡುತ್ತದೆ. ಅಕ್ಷರಗಳಷ್ಟೇ ಕಾಣುವಲ್ಲಿ ಚಿತ್ರ ಇಳಿಯುವುದೂ ಇಲ್ಲ, ಗುಟ್ಟು ಹೋಗುವುದೂ ಇಲ್ಲ. ಹಳ್ಳಿಯ ದುರ್ಬಲ ಸಂಪರ್ಕಕ್ಕೂ ಇದು ಹಗುರ.

ಕೊರತೆಗಳನ್ನೂ ಹೇಳಿಬಿಡುತ್ತೇನೆ. ಮೌಸಿನ ಬದಲು ಕೀಲಿಮಣೆಯ ಅಕ್ಷರಗಳನ್ನು ನೆನಪಿಡಬೇಕು. ಮೊಮ್ಮಗುವಿನ ಭಾವಚಿತ್ರ ನೋಡಲು ಬೇರೆ ತಂತ್ರಾಂಶ ತೆರೆಯಬೇಕು. ಎಲ್ಲಕ್ಕಿಂತ ದುಃಖದ ಸಂಗತಿ, ಈ ಕಪ್ಪು ತೆರೆಗಳಲ್ಲಿ ಹಲವು ಕನ್ನಡವನ್ನು ಸರಿಯಾಗಿ ಮೂಡಿಸುವುದಿಲ್ಲ. ಒತ್ತಕ್ಷರಗಳು ಕಳಚಿ ಬೀಳುತ್ತವೆ. ಗಣಕ ಬಲ್ಲ ನನ್ನ ವಿದ್ಯಾರ್ಥಿಗಳಲ್ಲಿ ಯಾರಾದರೂ ಇದನ್ನು ಸರಿಪಡಿಸುವ ಕೆಲಸಕ್ಕೆ ಕೈಹಚ್ಚಿದರೆ ಅದು ನಿಜವಾದ ಗುರುದಕ್ಷಿಣೆಯಾದೀತು.

ಎಲ್ಲರೂ ಮಟ್ ಬಳಸಲೇಬೇಕೆಂದು ನಾನು ಹೇಳುತ್ತಿಲ್ಲ. ನೀವು ಬಳಸುವ ಸೇವೆಯಲ್ಲಿಯೂ ಸ್ವಂತ ನಿಯಮ ಬರೆಯಲು ಅವಕಾಶವಿರುತ್ತದೆ, ಹುಡುಕಿ ನೋಡಿ. ಯಾರ ಮಾತನ್ನು ಮೊದಲು ಕೇಳಬೇಕೆಂಬ ತೀರ್ಮಾನ ಮನುಷ್ಯನ ಗುಣವನ್ನು ತೋರಿಸುತ್ತದೆ. ಅದನ್ನು ಜಾಹೀರಾತಿನಿಂದ ಬದುಕುವವರ ಕೈಗೆ ಪೂರ್ತಿಯಾಗಿ ಬಿಟ್ಟುಕೊಡುವುದು ಒಳ್ಳೆಯದಲ್ಲ. ನನಗೆ ಬರೆಯುವಾಗ ವಿಷಯದ ಸಾಲನ್ನು ತುಂಬಿ, ಶಾಲೆ ಬಿಟ್ಟ ವರ್ಷವನ್ನೂ ಸೇರಿಸಿ. ತುಂಬದೆ ಬರೆದರೂ ಚಿಂತೆಯಿಲ್ಲ, ಭಾನುವಾರ ಖಂಡಿತ ಓದುತ್ತೇನೆ.