ತಾಯಿಯ ಕುಲ ಅಳಿಸಿದ ಕಾಯ್ದೆ

ಸ್ಪರ್ಧಾತ್ಮಕ ಪರೀಕ್ಷೆಯ ‘ರಕ್ತಸಂಬಂಧ’ದ ಲೆಕ್ಕ ಬಿಡಿಸುವಾಗ ಇಂಗ್ಲಿಷಿನ ‘ಅಂಕಲ್’ ಬಂದರೆ ತಲೆ ಕೆರೆದುಕೊಳ್ಳುತ್ತೇವೆ. ಅಪ್ಪನ ತಮ್ಮನೋ, ಅಮ್ಮನ ತಮ್ಮನೋ? ಕನ್ನಡದಲ್ಲಿ ಈ ಪೇಚಿಲ್ಲ. ಒಬ್ಬ ಚಿಕ್ಕಪ್ಪ, ಇನ್ನೊಬ್ಬ ಸೋದರಮಾವ. ಚಿಕ್ಕಪ್ಪನ ಮಗಳು ಅಕ್ಕನೋ ತಂಗಿಯೋ ಆದರೆ, ಮಾವನ ಮಗಳನ್ನು ಮದುವೆಯಾಗುವ ರೂಢಿ ನಮ್ಮ ಹಲವು ಸಮುದಾಯಗಳಲ್ಲಿದೆ. ಕರೆಯುವ ಹೆಸರಲ್ಲೇ ಕಟ್ಟಳೆಯೂ ಇದೆ.

ಉತ್ತರ ಅಮೆರಿಕದ ಮೂಲನಿವಾಸಿಗಳಾದ ಇರೊಕ್ವಾ ಜನರಲ್ಲೂ ಹೀಗೆಯೇ. ಅಪ್ಪನ ಅಣ್ಣತಮ್ಮಂದಿರು ಅಪ್ಪಂದಿರೇ, ಅಮ್ಮನ ಅಕ್ಕತಂಗಿಯರು ಅಮ್ಮಂದಿರೇ. ಅಮೆರಿಕದ ವಕೀಲ ಲೂಯಿಸ್ ಹೆನ್ರಿ ಮಾರ್ಗನ್ 1871ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅವರ ಸಂಬಂಧಸೂಚಕ ಪದಗಳ ಜೊತೆ ತಮಿಳು, ತೆಲುಗು, ಕನ್ನಡದ ಪದಗಳನ್ನೂ ಪಟ್ಟಿ ಮಾಡಿದ. ಮಾವನ ಮಗಳನ್ನು ತರುವ ರೂಢಿ ಮಾತ್ರ ಅವರಲ್ಲಿಲ್ಲ. ಹೋಲಿಕೆಯ ಸಂಭ್ರಮದಲ್ಲಿದ್ದ ಮಾರ್ಗನ್ ಅದಕ್ಕೆ ಸಲ್ಲಬೇಕಾದಷ್ಟು ಗಮನ ಕೊಡಲಿಲ್ಲವೆಂದೇ ಹೇಳಬೇಕು.

ಇರೊಕ್ವಾ ಒಕ್ಕೂಟದ ಮೊಹಾಕರಿಗೆ ಆಮೆ, ತೋಳ, ಕರಡಿ ಎಂಬ ಮೂರು ಕುಲಗಳು. ನಮ್ಮಲ್ಲಿ ಒಂದೇ ಬೆಡಗಿನವರು ಮದುವೆಯಾಗದಂತೆ, ಅಲ್ಲಿ ಒಂದೇ ಕುಲದವರು ಮದುವೆಯಾಗುವಂತಿಲ್ಲ. ಮಗುವಿಗೆ ಬರುವುದು ತಾಯಿಯ ಕುಲ. (ಬಳಿಯನ್ನು ತಾಯಿಯಿಂದ ಪಡೆಯುವ ತುಳುನಾಡಿನ ಅಳಿಯಸಂತಾನದವರಿಗೆ ಇದು ಹೊಸ ಸಂಗತಿಯಲ್ಲ.) ಹಿಂದೆ ಮದುವೆಯಾದ ಗಂಡು ಹೆಂಡತಿಯ ಬಳಗದ ಉದ್ದಮನೆಗೆ ಹೋಗಿ ಇರುತ್ತಿದ್ದ.

ಕೆನಡಾ ಸರ್ಕಾರದ 1876ರ ‘ಇಂಡಿಯನ್ ಕಾಯ್ದೆ’ ಇದನ್ನೆಲ್ಲ ತಲೆಕೆಳಗು ಮಾಡಿತು. ಹೊರಗಿನವನ ಕೈಹಿಡಿದ ಹೆಣ್ಣು ದಾಖಲೆಯಲ್ಲಿ ಮೂಲನಿವಾಸಿಯೇ ಅಲ್ಲ, ಆಕೆಗೆ ಅವನಿಂದ ಹುಟ್ಟಿದ ಮಕ್ಕಳೂ ಅಲ್ಲ! ಹುಟ್ಟೂರಿನಲ್ಲಿ ವಾಸಿಸುವ ಹಕ್ಕು, ಆಸ್ತಿಯ ಹಕ್ಕು ಹೋದವು. ಸತ್ತರೆ ಅಲ್ಲೇ ಮಣ್ಣಾಗುವ ಹಕ್ಕೂ ಉಳಿಯಲಿಲ್ಲ. ಗಂಡು ಹೊರಗಿನವಳನ್ನು ಮದುವೆಯಾದರೆ ಅವನದೇನೂ ಹೋಗುತ್ತಿರಲಿಲ್ಲ. ಬದಲಿಗೆ ಅವಳಿಗೇ ಮೂಲನಿವಾಸಿಯ ಸ್ಥಾನಮಾನ ಸಿಗುತ್ತಿತ್ತು. ಮಕ್ಕಳಿಗೆ ಕುಲ ಕೊಡುತ್ತಿದ್ದವಳೇ ಕುಲದ ಹೊರಗಾದಳು. ಸಂಪ್ರದಾಯ ಬದಲಾಗಲೇಬಾರದು ಎಂದು ನಾನು ವಾದಿಸುತ್ತಿಲ್ಲ. ಆದರೆ ಇಲ್ಲಿ ಬದಲಿಸಿದವರು ಆ ಹೆಣ್ಣುಮಕ್ಕಳನ್ನು ಒಂದು ಮಾತೂ ಕೇಳಿರಲಿಲ್ಲ.

ಮಾಂಟ್ರಿಯಲ್ ಬಳಿಯ ಕಾನವಾಕೆಯ ಮೊಹಾಕ್ ಮಹಿಳೆ ಮೇರಿ ಟೂ-ಆ್ಯಕ್ಸ್ ಅರ್ಲಿ, ಐರಿಷ್ ಮೂಲದ ಅಮೆರಿಕನ್ನನನ್ನು ಮದುವೆಯಾಗಿ ಹೀಗೆ ಹೊರಗಾದವರು. ಅರವತ್ತರ ದಶಕದಿಂದ ಹೋರಾಡಿದ ಅವರು, 1985ರಲ್ಲಿ ಕಾಯ್ದೆ ತಿದ್ದುಪಡಿಯಾದಾಗ ಸ್ಥಾನಮಾನ ಮರಳಿ ಪಡೆದ ಮೊದಲ ಮಹಿಳೆಯಾದರು. ಆಗ ಅವರಿಗೆ 73 ವರ್ಷ. ಹೀಗೆ ಮರಳಿದ ಹೆಣ್ಣುಮಕ್ಕಳ ಮೊಮ್ಮಕ್ಕಳಿಗೆ ಮಾತ್ರ ತಾರತಮ್ಯ ತಪ್ಪಲಿಲ್ಲ. ಅವರೂ ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆ 2010ರಲ್ಲೊಮ್ಮೆ, 2017ರಲ್ಲಿ ಇನ್ನೊಮ್ಮೆ ಕಾಯ್ದೆಯನ್ನು ತಿದ್ದಬೇಕಾಯಿತು.